ಬೋರ್‌ವೆಲ್‌ನ ಗಡಸು ನೀರಿನಲ್ಲಿ ಹವಳ ಬೆಳೆಸಬಹುದೇ? ಸುಣ್ಣ, ಅಡುಗೆ ಸೋಡಾ ಸಲಹೆಗಳಲ್ಲಿ ನಿಜವೆಷ್ಟು?

ಸಂಕ್ಷಿಪ್ತವಾಗಿ

ಗಡಸು ನೀರಿಗೆ ಉಪ್ಪು ಮತ್ತು ಚಿಟಿಕೆ ಸುಣ್ಣ ಹಾಕಿದರೆ ಅಕ್ವೇರಿಯಂನಲ್ಲಿ ಹವಳ ಬೆಳೆಯುತ್ತದೆ ಎಂಬ ಸಲಹೆ ಬಹುಪಾಲು ತಪ್ಪು. ಸುಣ್ಣ ಮತ್ತು ಅಡುಗೆ ಸೋಡಾಕ್ಕೆ ಈ ಹವ್ಯಾಸದಲ್ಲಿ ಜಾಗವಿದೆ. ಆದರೆ ಅಳತೆ ಮಾಡದೆ ಹಾಕಿದರೆ ತೊಟ್ಟಿಯಲ್ಲಿರುವ ಜೀವಿಗಳೇ ಸಾಯುತ್ತವೆ. ಅದಕ್ಕಿಂತ ಮೊದಲು ತಿಳಿಯಬೇಕಾದ್ದು ಇನ್ನೊಂದಿದೆ: ಭಾರತದಲ್ಲಿ ಹವಳ ಕಾನೂನಿನ ರಕ್ಷಣೆಯಲ್ಲಿರುವ ಜೀವಿ.

ಈ ನಂಬಿಕೆ ಬಂದದ್ದು ಎಲ್ಲಿಂದ?

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಂಥ ಬಯಲುಸೀಮೆಯ ಊರುಗಳಲ್ಲಿ ತೆಂಗಿನ ತೋಟಕ್ಕೂ ಮನೆಬಳಕೆಗೂ ಬೋರ್‌ವೆಲ್ಲೇ ಆಸರೆ. ಇಂಥ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಈ ಪದರದ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಹವಳದ ಅಸ್ಥಿಪಂಜರ ಆಗಿರುವುದೂ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದಲೇ. ಹಾಗಾಗಿ "ನಮ್ಮ ನೀರಿನಲ್ಲೇ ಬೇಕಾದಷ್ಟು ಸುಣ್ಣ ಇದೆ, ಹವಳಕ್ಕೆ ಇನ್ನೇನು ಬೇಕು?" ಎಂದು ಅನ್ನಿಸುವುದು ಸಹಜ. ಉತ್ತರ ಸಿಗಬೇಕಾದರೆ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಕ್ಯಾಲ್ಸಿಯಂ ಬೇರೆ, ಕ್ಷಾರೀಯತೆ ಬೇರೆ

ಹವಳ ಒಂದು ಪ್ರಾಣಿ. ಅದು ನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡನ್ನೂ ಎಳೆದುಕೊಂಡು ತನ್ನ ಗೂಡು ಕಟ್ಟಿಕೊಳ್ಳುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟ್, ಕಾರ್ಬೊನೇಟ್‌ಗಳ ದಾಸ್ತಾನನ್ನೇ ಹೆಚ್ಚುಕಡಿಮೆ ಕ್ಷಾರೀಯತೆ ಎನ್ನುತ್ತಾರೆ.

ಇದನ್ನು ಪಿಎಚ್ ಜೊತೆ ಬೆರೆಸಿಕೊಳ್ಳಬೇಡಿ. ನೀರು ಈ ಕ್ಷಣದಲ್ಲಿ ಎಷ್ಟು ಆಮ್ಲೀಯ ಅಥವಾ ಎಷ್ಟು ಕ್ಷಾರೀಯ ಎಂಬುದನ್ನು ಪಿಎಚ್ ತೋರಿಸುತ್ತದೆ. ಆಮ್ಲ ಸೇರಿದಾಗ ಅದನ್ನು ತಡೆದುಕೊಳ್ಳಲು ನೀರಿನ ಕಣಜದಲ್ಲಿ ಎಷ್ಟು ದಾಸ್ತಾನಿದೆ ಎಂಬುದನ್ನು ಕ್ಷಾರೀಯತೆ ತೋರಿಸುತ್ತದೆ.

ಸಮುದ್ರದ ನೀರಿನಲ್ಲಿ ಪ್ರತಿ ಲೀಟರ್‌ಗೆ ಸುಮಾರು 400ರಿಂದ 420 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಆಸುಪಾಸು ಮೆಗ್ನೀಸಿಯಂ ಇರುತ್ತದೆ. ಕ್ಷಾರೀಯತೆ ಮಾತ್ರ ಲೀಟರ್‌ಗೆ ಸುಮಾರು 120 ಮಿಲಿಗ್ರಾಂ. ಅಕ್ವೇರಿಯಂ ಕಿಟ್‌ಗಳು ಇದನ್ನು ಡಿಕೆಎಚ್ ಎಂಬ ಅಳತೆಯಲ್ಲಿ ತೋರಿಸುತ್ತವೆ. 1 ಡಿಕೆಎಚ್ ಎಂದರೆ ಸುಮಾರು 18 ಮಿಲಿಗ್ರಾಂ, ಹಾಗಾಗಿ ಸಮುದ್ರದ ಮಟ್ಟ ಸುಮಾರು 7 ಡಿಕೆಎಚ್.

ಈಗ ಬೋರ್‌ವೆಲ್ ಕಡೆ ನೋಡೋಣ. ಕುಡಿಯುವ ನೀರಿನ ಭಾರತೀಯ ಮಾನದಂಡ (ಐಎಸ್ 10500, 2012) ಕ್ಯಾಲ್ಸಿಯಂಗೆ 75 ಮಿಲಿಗ್ರಾಂ ಮಿತಿ ಇಟ್ಟಿದೆ. ಬೇರೆ ನೀರೇ ಇಲ್ಲದಿದ್ದರೆ 200ರವರೆಗೆ ಬಿಡುತ್ತದೆ. ಕ್ಷಾರೀಯತೆಗೆ ಮಿತಿ 200, ಬೇರೆ ನೀರಿಲ್ಲದಿದ್ದರೆ 600. ಅಂದರೆ ಕುಡಿಯಲು ಒಪ್ಪಿಗೆಯಾಗುವ ಅತಿ ಗಡಸು ನೀರಿನಲ್ಲೂ ಕ್ಯಾಲ್ಸಿಯಂ ಸಮುದ್ರದ ಅರ್ಧವನ್ನು ಮುಟ್ಟುವುದಿಲ್ಲ. ಕ್ಷಾರೀಯತೆಯಲ್ಲಿ ಮಾತ್ರ ಅದೇ ನೀರು ಸಮುದ್ರವನ್ನು ಮೀರಿಸಬಹುದು. ಒಂದು ಕಡಿಮೆ, ಇನ್ನೊಂದು ಜಾಸ್ತಿ. ಹವಳಕ್ಕೆ ಎರಡೂ ಸರಿಯಾದ ಮಟ್ಟದಲ್ಲಿರಬೇಕು.

ಟಿಡಿಎಸ್ ಮೀಟರ್ ಇದನ್ನು ಹೇಳುತ್ತದೆಯೇ?

ಇಲ್ಲ. ಆರ್‌ಒ ಮಾರಲು ಬರುವವರು ನೀರಿಗೆ ಅದ್ದಿ ತೋರಿಸುವ ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಕರಗಿರುವುದು ಕ್ಯಾಲ್ಸಿಯಮ್ಮೋ, ಸೋಡಿಯಮ್ಮೋ, ಗೊಬ್ಬರದಿಂದ ಇಳಿದ ನೈಟ್ರೇಟೋ ಅದಕ್ಕೆ ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂಗೆ ಒಂದು, ಕ್ಷಾರೀಯತೆಗೆ ಒಂದು, ಹೀಗೆ ಪ್ರತ್ಯೇಕ ಟೆಸ್ಟ್ ಕಿಟ್ ಬೇಕು.

ಕಲ್ಲುಪ್ಪು ಹಾಕಿದರೆ ಸಮುದ್ರದ ನೀರಾಗುವುದಿಲ್ಲವೇ?

ಆಗುವುದಿಲ್ಲ. ಉಪ್ಪಿನಗದ್ದೆಯಲ್ಲಿ ಸಮುದ್ರದ ನೀರು ಇಂಗುವಾಗ ಅದರ ಕ್ಯಾಲ್ಸಿಯಂ ಬಹುಪಾಲು ಮೊದಲೇ ಜಿಪ್ಸಂ ಆಗಿ ತಳ ಸೇರುತ್ತದೆ. ಮೆಗ್ನೀಸಿಯಂ ಕೊನೆಯಲ್ಲಿ ಉಳಿಯುವ ಕಹಿ ನೀರಿನೊಂದಿಗೆ ಹೊರಹೋಗುತ್ತದೆ. ನಡುವೆ ಹರಳುಗಟ್ಟುವ ಕಲ್ಲುಪ್ಪು ಹೆಚ್ಚಾಗಿ ಸೋಡಿಯಂ ಕ್ಲೋರೈಡ್. ಅದರಿಂದ ನೀರಿಗೆ ಸಮುದ್ರದ ರುಚಿ ಬರಬಹುದು, ಸಮುದ್ರದ ರಸಾಯನ ಬರುವುದಿಲ್ಲ. ಅದಕ್ಕೇ ಹವ್ಯಾಸಿಗಳು ಅಕ್ವೇರಿಯಂಗೆಂದೇ ತಯಾರಾದ ಸಮುದ್ರ ಉಪ್ಪಿನ ಮಿಶ್ರಣವನ್ನು ಶುದ್ಧ ಆರ್‌ಒ ನೀರಿನಲ್ಲಿ ಕರಗಿಸುತ್ತಾರೆ.

ಆರಿದ ನೀರಿನ ಜಾಗಕ್ಕೆ ಬೋರ್‌ವೆಲ್ ನೀರು ಸುರಿದರೆ?

ಬೇಸಿಗೆಯಲ್ಲಿ 100 ಲೀಟರ್ ತೊಟ್ಟಿಯಿಂದ ದಿನಕ್ಕೆ 2 ಲೀಟರ್ ಆರುತ್ತದೆ ಎಂದುಕೊಳ್ಳಿ. ನೀರಷ್ಟೇ ಆವಿಯಾಗುತ್ತದೆ, ಕರಗಿದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಆ ಜಾಗಕ್ಕೆ 300 ಮಿಲಿಗ್ರಾಂ ಕ್ಷಾರೀಯತೆಯ ನೀರು ಸುರಿದರೆ ತೊಟ್ಟಿಯ ಕ್ಷಾರೀಯತೆಗೆ ದಿನಕ್ಕೆ 6 ಮಿಲಿಗ್ರಾಂ ಸೇರುತ್ತದೆ. ತಿಂಗಳಿಗೆ 180. ಇದು ಸಮುದ್ರದಲ್ಲಿರುವ ಒಟ್ಟು ಪ್ರಮಾಣಕ್ಕಿಂತ ಹೆಚ್ಚು. ಹವಳ ಅಷ್ಟನ್ನು ಬಳಸದಿದ್ದರೆ ಹೀಟರ್ ಮೇಲೆ, ಪಂಪಿನೊಳಗೆ ಬಿಳಿ ಪದರ ಕಟ್ಟುತ್ತದೆ. ನೀರಿನಲ್ಲಿ ನೈಟ್ರೇಟ್ ಇದ್ದರೆ ಅದೂ ಜೊತೆಗೆ ಶೇಖರವಾಗಿ ಪಾಚಿ ಬೆಳೆಸುತ್ತದೆ.

ಸುಣ್ಣದ ಸಲಹೆ: ಅರ್ಧ ಸತ್ಯ

ಸುಣ್ಣದ ತಿಳಿನೀರನ್ನು ಹವಳದ ತೊಟ್ಟಿಗೆ ಹನಿಸುವ ಪದ್ಧತಿ ನಿಜಕ್ಕೂ ಇದೆ. ಹವ್ಯಾಸಿಗಳು ಇದನ್ನು ಕಾಲ್ಕ್‌ವಾಸರ್ ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ಈ ಪದದ ಅರ್ಥವೇ ಸುಣ್ಣದ ನೀರು. ಇದು ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡನ್ನೂ ಹವಳ ಬಳಸುವ ಪ್ರಮಾಣದಲ್ಲೇ ಕೊಡುತ್ತದೆ.

ಆದರೆ ಆ ತಿಳಿಯ ಪಿಎಚ್ 12ಕ್ಕಿಂತ ಹೆಚ್ಚು. ಹವಳದ ತೊಟ್ಟಿಗೆ ಬೇಕಾದ್ದು 8.1ರ ಆಸುಪಾಸು. ಒಮ್ಮೆಲೇ ಸುರಿದರೆ ಪಿಎಚ್ ಜಿಗಿದು ಜೀವಿಗಳು ಸಾಯಬಹುದು. ಒಂದು ಲೀಟರ್ ನೀರಿನಲ್ಲಿ ಕರಗುವುದು ಒಂದೂವರೆ ಗ್ರಾಂ ಆಸುಪಾಸು ಮಾತ್ರ. ಗಸಿ ಬಿಟ್ಟು ಮೇಲಿನ ತಿಳಿಯನ್ನಷ್ಟೇ, ಆರಿದ ನೀರಿನ ಬದಲಿಗೆ, ಹನಿಹನಿಯಾಗಿ ಬಿಡಬೇಕು. ಎಲೆ-ಅಡಿಕೆಗೆ ಮಾರುವ ಸುಣ್ಣದಲ್ಲಿ ಬೇರೆ ಏನು ಬೆರೆತಿದೆ ಎಂಬುದು ಡಬ್ಬಿಯ ಮೇಲಿಂದ ತಿಳಿಯುವುದಿಲ್ಲ, ಅದನ್ನು ಬಳಸಬೇಡಿ. ನೀರು ಹಾಕದ ಸುಟ್ಟ ಸುಣ್ಣವಂತೂ ನೀರು ಬಿದ್ದ ಕೂಡಲೇ ಕುದಿಯುವಷ್ಟು ಬಿಸಿಯಾಗುತ್ತದೆ. ಯಾವ ಸುಣ್ಣವಾದರೂ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಹಾಗೇನಾದರೂ ಆದರೆ ತಕ್ಷಣ ಸಾಕಷ್ಟು ನೀರಿನಿಂದ ತೊಳೆಯುತ್ತಾ ವೈದ್ಯರ ಬಳಿ ಹೋಗಿ. ಮಕ್ಕಳ ಕೈಗೆ ಇದು ಸಿಗಲೇಬಾರದು.

ಅಡುಗೆ ಸೋಡಾ ಸರಿಯೇ?

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಕ್ಷಾರೀಯತೆ ಕಡಿಮೆಯಾಗಿದೆ ಎಂದು ಕಿಟ್ ತೋರಿಸಿದಾಗ ಇದನ್ನು ಬಳಸುತ್ತಾರೆ. 100 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಸಾಕು. ಶುದ್ಧ ನೀರಿನಲ್ಲಿ ಕರಗಿಸಿ ನಿಧಾನವಾಗಿ ಹಾಕಬೇಕು, ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬಾರದು. ಬೇಕಿಂಗ್ ಪೌಡರ್ ಬೇರೆಯದು. ಅದರಲ್ಲಿ ಆಮ್ಲದ ಪುಡಿಯೂ ಪಿಷ್ಟವೂ ಇರುತ್ತದೆ, ಅದು ಬೇಡ.

ಸೋಡಾದಿಂದ ಕ್ಯಾಲ್ಸಿಯಂ ಏರುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಇವೆರಡನ್ನೂ ಒಂದೇ ಲೋಟದಲ್ಲಿ ಬೆರೆಸಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಸೀಮೆಸುಣ್ಣ ಆಗಿಹೋಯಿತು, ಹವಳಕ್ಕೆ ದಕ್ಕುವುದಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯಾಗಿ ಹಾಕಬೇಕು.

ಮೊದಲು ಅಳೆಯಬೇಕಾದ್ದು ಯಾವುದು?

ಕ್ಷಾರೀಯತೆ. ಹವಳ 50 ಮಿಲಿಗ್ರಾಂ ಕ್ಷಾರೀಯತೆ ಬಳಸುವಾಗ ಕ್ಯಾಲ್ಸಿಯಂ 20 ಮಿಲಿಗ್ರಾಂ ಮಾತ್ರ ಇಳಿಯುತ್ತದೆ. ಅಂದರೆ ಕ್ಯಾಲ್ಸಿಯಂ 420ರಿಂದ 400ಕ್ಕೆ ಬರುವಷ್ಟರಲ್ಲಿ ಕ್ಷಾರೀಯತೆ 120ರಿಂದ 70ಕ್ಕೆ ಕುಸಿದಿರುತ್ತದೆ. ಕ್ಯಾಲ್ಸಿಯಂ ಅಂಕಿಯನ್ನಷ್ಟೇ ನೋಡಿ ಎಲ್ಲ ಸರಿಯಿದೆ ಎಂದುಕೊಂಡರೆ ಹವಳ ಅಷ್ಟರಲ್ಲಿ ಸೊರಗಿರುತ್ತದೆ. ಒಂದೇ ಹೊತ್ತಿಗೆ, ಒಂದೇ ಕಿಟ್‌ನಲ್ಲಿ ಪರೀಕ್ಷಿಸಿ ಬರೆದಿಟ್ಟುಕೊಂಡರೆ ದಿನಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಅಷ್ಟನ್ನೇ ತುಂಬಿದರೆ ಸಾಕು.

ಹವಳ ಸಾಕುವುದಕ್ಕೆ ಕಾನೂನು ಒಪ್ಪುತ್ತದೆಯೇ?

ಇಷ್ಟೆಲ್ಲ ಲೆಕ್ಕಕ್ಕಿಂತ ಮುಖ್ಯವಾದದ್ದು ಇದು. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ ಇವೆಲ್ಲವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಹುಲಿ, ಆನೆ ಇರುವುದೂ ಇದೇ ಪಟ್ಟಿಯಲ್ಲಿ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ನಮ್ಮ ಕರಾವಳಿಯ ಹವಳಗಳಿವೆ. ಅಲ್ಲಿಂದ ಒಂದು ಚೂರು ಮುರಿದು ತರುವುದೂ ಅಪರಾಧ. ಮೊದಲ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಜೈಲು ಶಿಕ್ಷೆ 3 ವರ್ಷದಿಂದ 7 ವರ್ಷದವರೆಗೆ ಇದೆ. ಶೋಕೇಸಿಗೆಂದು ಮಾರುವ ಒಣ ಹವಳಕ್ಕೂ ಕಾಯ್ದೆ ಅನ್ವಯಿಸುತ್ತದೆ. "ಇದು ವಿದೇಶಿ ಹವಳ" ಎಂದು ಯಾರಾದರೂ ಮಾರಲು ಬಂದರೆ ಆಮದಿನ ದಾಖಲೆ ಕೇಳಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಅದಕ್ಕೆ ಮುಂಚೆ ದುಡ್ಡು ಕೊಡಬೇಡಿ.

ಹಾಗಾದರೆ ಗಡಸು ನೀರಿಗೆ ಯಾವ ಮೀನು ಸರಿ?

ಗಪ್ಪಿ, ಮೋಲಿ, ಪ್ಲಾಟಿ ಮೀನುಗಳು ಗಡಸು, ಕ್ಷಾರೀಯ ನೀರಿನಲ್ಲಿ ಚೆನ್ನಾಗಿಯೇ ಬದುಕುತ್ತವೆ. ಸೊಳ್ಳೆ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆ ತೊಟ್ಟಿಗಳಿಗೆ ಬಿಡುವ ಮೀನುಗಳಲ್ಲಿ ಗಪ್ಪಿಯೂ ಒಂದು. ಇವಕ್ಕೆ ಸಮುದ್ರದ ಉಪ್ಪೂ ಬೇಡ, ಸುಣ್ಣವೂ ಬೇಡ. ಕಣಕಟ್ಟೆಯ ಮನೆಯಲ್ಲೂ ಬೇಲೂರಿನ ಮನೆಯಲ್ಲೂ ಕಡಿಮೆ ಖರ್ಚಿನಲ್ಲಿ ಸಾಕಬಹುದು.

ನಮ್ಮ ತೀರ್ಮಾನ

ಬೋರ್‌ವೆಲ್ ನೀರು, ಕಲ್ಲುಪ್ಪು, ಚಿಟಿಕೆ ಸುಣ್ಣ ಇಷ್ಟರಿಂದ ಹವಳ ಬೆಳೆಯುವುದಿಲ್ಲ. ಈ ಸಲಹೆ ನಿಮ್ಮ ಗುಂಪಿಗೆ ಬಂದರೆ, ಎಷ್ಟು ಲೀಟರ್ ತೊಟ್ಟಿಗೆ ಎಷ್ಟು ಗ್ರಾಂ, ಅಳೆದದ್ದು ಯಾವ ಕಿಟ್‌ನಲ್ಲಿ, ಹವಳಕ್ಕೆ ದಾಖಲೆ ಎಲ್ಲಿ ಎಂದು ಕೇಳಿ. ಈ ಮೂರಕ್ಕೆ ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.