ನೀಲಿ ಬೆಳಕಿನ ಭರವಸೆ

ಅಡುಗೆಮನೆಯ ಗೋಡೆಗೆ ತೂಗುಹಾಕಿದ ನೀರು ಶುದ್ಧಿಯ ಯಂತ್ರದೊಳಗೆ ನಸುನೀಲಿ ಬೆಳಕು ಮಿನುಗುತ್ತಿದ್ದರೆ ಮನೆಯವರಿಗೆ ಸಮಾಧಾನ. ಆದರೆ ರೋಗಾಣುಗಳನ್ನು ಅಡಗಿಸುವುದು ಆ ನೀಲಿ ಕಾಂತಿಯಲ್ಲ; ಅದರೊಡನೆ ಹೊಮ್ಮುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ರೋಗಾಣುವಿನ ಸಂತಾನಶಕ್ತಿಯನ್ನೇ ಅದು ಕೆಡಿಸುತ್ತದೆ.

ಈ ಉಪಾಯ ಹಳೆಯದು. ಫ್ರಾನ್ಸಿನ ಮಾರ್ಸೇಯ್ ನಗರದಲ್ಲಿ ೧೯೧೦ರ ವೇಳೆಗೇ ಪಾದರಸದ ದೀಪಗಳಿಂದ ನೀರನ್ನು ಶುದ್ಧಗೊಳಿಸಿದ್ದರು. ಅಗ್ಗದ ಕ್ಲೋರಿನ್ ಬಂದು ದೀಪವನ್ನು ಮೂಲೆಗೊತ್ತಿತು. ೧೯೯೩ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನಲ್ಲಿ ನೀರಿನೊಡನೆ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಸೂಕ್ಷ್ಮಜೀವಿ ಹರಿದುಬಂದು, ಅಂದಾಜು ೪ ಲಕ್ಷ ಜನರನ್ನು ಭೇದಿಯಿಂದ ನರಳಿಸಿತು. ಕ್ಲೋರಿನ್‌ಗೆ ಜಗ್ಗದ ಈ ಜೀವಿ ಅತಿನೇರಳೆ ಕಿರಣಕ್ಕೆ ಸುಲಭವಾಗಿ ಮಣಿಯುವುದೆಂದು ಆ ದಶಕದ ಕೊನೆಗೆ ಗೊತ್ತಾದಾಗ, ದೀಪಕ್ಕೆ ಮತ್ತೆ ಮನ್ನಣೆ ದೊರೆಯಿತು.

ಹಾಗಾದರೆ ಯಾವ ದೀಪ? ಹೆಚ್ಚು ಪ್ರಖರವಾದುದೇ ಮೇಲೆಂಬ ಭಾವನೆ ಸಹಜ; ಅದು ಸರಿಯಲ್ಲ. ಅಲ್ಪ ಒತ್ತಡದ ಪಾದರಸ ದೀಪ ತನ್ನ ಶಕ್ತಿಯ ಬಹುಪಾಲನ್ನು ೨೫೪ ನ್ಯಾನೊಮೀಟರಿನ ಒಂದೇ ಅಲೆಯಲ್ಲಿ ಚೆಲ್ಲುತ್ತದೆ. ರೋಗಾಣುವಿನ ಡಿಎನ್‌ಎ ಹೆಚ್ಚಾಗಿ ಹೀರುವುದು ೨೬೦ರ ಆಸುಪಾಸಿನ ಕಿರಣವನ್ನು. ಆದ್ದರಿಂದ ಕುಡಿದ ವಿದ್ಯುತ್ತಿನ ಸುಮಾರು ಮೂರನೆಯ ಒಂದಂಶ ಕೆಲಸಕ್ಕೆ ಒದಗುತ್ತದೆ. ಮಧ್ಯಮ ಒತ್ತಡದ ದೀಪವೋ ೬೦೦ ಡಿಗ್ರಿಗೂ ಮೀರಿ ಕಾಯುವ ದೈತ್ಯ. ಕೆಲವೇ ದೀಪಗಳು ಹಲವಾರು ದೀಪಗಳ ಕೆಲಸ ಮಾಡುತ್ತವೆ. ಜಾಗ ಇಕ್ಕಟ್ಟಾದ ನಗರ ಸ್ಥಾವರಗಳಿಗೆ ಇದು ವರವೇ. ಆದರೆ ವಿದ್ಯುತ್ತಿನ ದುಂದು ಬಹಳ. ಗಡಸು ನೀರಿದ್ದರಂತೂ ಆ ಕಾವಿಗೆ ಸ್ಫಟಿಕದ ಕವಚದ ಮೇಲೆ ಸುಣ್ಣದ ಪೊರೆ ಬೇಗ ಕಟ್ಟುತ್ತದೆ. ಪಾದರಸವೇ ಇಲ್ಲದ, ಒತ್ತಿದೊಡನೆ ಉರಿಯುವ ಎಲ್‌ಇಡಿ ದೀಪಗಳು ಈಗ ಬಂದಿವೆ. ವಿದ್ಯುತ್ತನ್ನು ಕಿರಣವಾಗಿಸುವುದರಲ್ಲಿ ಅವು ಹಳೆಯ ದೀಪಕ್ಕಿನ್ನೂ ಸಮವಲ್ಲ.

ಮನೆಗೆ ಅಲ್ಪ ಒತ್ತಡದ ದೀಪವೇ ಧಾರಾಳವಾಗಿ ಸಾಕು. ಅದಕ್ಕೆ ಮುನ್ನ ನೀರು ಸೋಸಿ ತಿಳಿಯಾಗಬೇಕು. ಕೆಸರಿನ ಕಣದ ಮರೆಯಲ್ಲಿ ರೋಗಾಣು ಕ್ಷೇಮವಾಗಿರುತ್ತದೆ. ಕೊಳವೆಬಾವಿಯ ಉಪ್ಪು, ಗಡಸುತನಗಳನ್ನು ಯಾವ ದೀಪವೂ ಕಳೆಯಲಾರದು. ಕಿರಣ ಹಾಯ್ದ ನೀರನ್ನು ಕೊಳೆಯಾದ ಕೊಡದಲ್ಲಿ ತುಂಬಿಟ್ಟರೆ ಕಾಯುವ ಶಕ್ತಿಯೇನೂ ಅದರಲ್ಲಿ ಉಳಿದಿರುವುದಿಲ್ಲ.

ಇಂಥ ದೀಪದ ಆಯುಸ್ಸು ಸಾಮಾನ್ಯವಾಗಿ ೯೦೦೦ ಗಂಟೆ. ಎಡೆಬಿಡದೆ ಉರಿದರೆ ಒಂದು ವರ್ಷ. ಅನಂತರವೂ ಅದು ನೀಲಿಯಾಗಿ ಬೆಳಗುತ್ತಲೇ ಇರಬಹುದು, ಕಾಣದ ಕಿರಣ ಮಾತ್ರ ಕುಗ್ಗಿರುತ್ತದೆ. ದೀಪ ಹಾಕಿಸಿದ ತಾರೀಖನ್ನು ಯಂತ್ರದ ಮೇಲೆಯೇ ಬರೆದಿಡುವ ಗೃಹಿಣಿಗೆ ಅದನ್ನು ಬದಲಿಸುವ ದಿನವನ್ನು ಮತ್ತೊಬ್ಬರು ಹೇಳಬೇಕಾಗಿಲ್ಲ.