ಸಮುದ್ರ ಸೇರುವ ನೀರು ವ್ಯರ್ಥವೇ? ಅಘನಾಶಿನಿ ದಡದಲ್ಲಿ ವಿದ್ಯಾರ್ಥಿಗಳ ಹುಡುಕಾಟ

ನದಿ ಕೊನೆಗೆ ಏನಾಗುತ್ತದೆ ಎಂದು ನಗರದ ವಿದ್ಯಾರ್ಥಿಗಳನ್ನು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: ಸಮುದ್ರ ಸೇರುತ್ತದೆ, ನೀರು ವ್ಯರ್ಥವಾಗುತ್ತದೆ. ಉತ್ತರದ ಮೊದಲ ಭಾಗ ಭೂಗೋಳದ ಪಾಠದಿಂದ ಬಂದದ್ದು. ಎರಡನೆಯ ಭಾಗ ದೊಡ್ಡವರ ಬಾಯಿಂದ ಕೇಳಿ ಕಲಿತದ್ದು. ನಲ್ಲಿ, ಟ್ಯಾಂಕರು ಮತ್ತು ಕೊಳಚೆ ಹೊತ್ತ ವೃಷಭಾವತಿಯನ್ನು ಮಾತ್ರ ನೋಡಿ ಬೆಳೆಯುವ ಬೆಂಗಳೂರಿನ ಮಕ್ಕಳಿಗೆ ಈ ಮಾತನ್ನು ಅನುಮಾನಿಸಲು ಕಾರಣವೇ ಇರುವುದಿಲ್ಲ.

ಅಂಥ ವಿದ್ಯಾರ್ಥಿಗಳನ್ನು ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯುವುದಾದರೆ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಗಿಂತ ಉತ್ತಮ ಪಾಠಶಾಲೆ ರಾಜ್ಯದಲ್ಲಿ ದೊರೆಯುವುದು ಕಷ್ಟ. ಶಿರಸಿಯ ಶಂಕರಹೊಂಡ ಹಾಗೂ ಮಂಜುಗುಣಿಯ ಕಡೆಯಿಂದ ಹುಟ್ಟಿ ಬರುವ ಎರಡು ಹೊಳೆಗಳು ಕೂಡಿ ಆಗುವ ಈ ನದಿ, ಸುಮಾರು 120 ಕಿ.ಮೀ. ಹರಿದು ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಶರಾವತಿ, ಎರಡೂ ವಿದ್ಯುತ್ತಿಗಾಗಿ ಸಾಲು ಸಾಲು ಅಣೆಕಟ್ಟುಗಳನ್ನು ಹೊತ್ತಿವೆ. ನಡುವಿನ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮಳೆ ಬಂದಾಗ ಉಕ್ಕಿ, ಬೇಸಿಗೆಯಲ್ಲಿ ಬಡವಾಗಿ, ಮಲೆನಾಡಿನ ನದಿ ಹೇಗಿರಬೇಕೋ ಹಾಗೆಯೇ ಅದು ಇದೆ. ಎರಡು-ಮೂರು ದಿನಗಳಲ್ಲಿ ಮೂಲದಿಂದ ಮುಖದವರೆಗೆ ನೋಡಿ ಮುಗಿಸಬಹುದಾದಷ್ಟು ಅದು ಚಿಕ್ಕದು ಎಂಬುದು ಶಿಕ್ಷಕರ ಪಾಲಿಗೆ ಮತ್ತೊಂದು ಅನುಕೂಲ.

ಪ್ರವಾಸವನ್ನು ಆರಂಭಿಸಬೇಕಾದ್ದು ಉಂಚಳ್ಳಿ ಜಲಪಾತದಿಂದಲ್ಲ. 116 ಮೀಟರ್ ಎತ್ತರದಿಂದ ಧುಮುಕುವ, ಅಬ್ಬರಕ್ಕೆ ಕಿವಿ ಕೆಪ್ಪಾಗುವುದೆಂದು 'ಕೆಪ್ಪ ಜೋಗ' ಎನಿಸಿಕೊಂಡಿರುವ ಆ ನೋಟದ ಮುಂದೆ ನಿಂತವರು ಫೋಟೊ ತೆಗೆಯುತ್ತಾರೆಯೇ ಹೊರತು ಟಿಪ್ಪಣಿ ಬರೆಯುವುದಿಲ್ಲ. ಆರಂಭಕ್ಕೆ ತಕ್ಕ ಸ್ಥಳ ಕಾಡಿನೊಳಗಿನ ಯಾವುದಾದರೊಂದು ಹೆಸರಿಲ್ಲದ ಹಳ್ಳ. ಮೊಣಕಾಲುದ್ದದ ನೀರು, ಮೇಲೆ ಬಿಸಿಲೇ ಬೀಳದಂತೆ ಕವಿದ ಮರಗಳು, ತಳದಲ್ಲಿ ಉರುಟು ಕಲ್ಲುಗಳು. ಒಂದು ಕಲ್ಲನ್ನೆತ್ತಿ ತಿರುವಿದರೆ ಅದರ ಅಡಿಗೆ ಚಪ್ಪಟೆ ಮೈಯ ಮೇ-ಫ್ಲೈ ಮರಿಗಳು ಅಂಟಿಕೊಂಡಿರುತ್ತವೆ. ಮರಳಿನ ಕಣಗಳನ್ನೋ ಎಲೆಯ ಚೂರುಗಳನ್ನೋ ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳುಗಳೂ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವುಗಳಿಗೆ ತಂಪಾದ, ಆಮ್ಲಜನಕ ಹೇರಳವಾಗಿರುವ ನೀರು ಬೇಕು. ನೀರು ಕೆಟ್ಟರೆ ಮೊದಲು ಕಾಣೆಯಾಗುವವರ ಸಾಲಿನಲ್ಲಿ ಅವೂ ಇರುತ್ತವೆ. ಪ್ರಯೋಗಾಲಯಕ್ಕೆ ಬಾಟಲಿ ಕಳುಹಿಸದೆ ಹೊಳೆಯ ಆರೋಗ್ಯವನ್ನು ಅಳೆಯುವ ಈ ವಿಧಾನಕ್ಕೆ ಬೇಕಾದ್ದು ಒಂದು ಬಿಳಿ ತಟ್ಟೆ, ಒಂದು ಜರಡಿ ಮತ್ತು ತಾಳ್ಮೆ. ಎತ್ತಿದ ಕಲ್ಲನ್ನು ಇದ್ದಂತೆಯೇ ಮರಳಿ ಇಡುವುದು ಇಲ್ಲಿನ ಮೊದಲ ಶಿಸ್ತು.

ನೆರಳಿನಲ್ಲಿ ಪಾಚಿ ಬೆಳೆಯುವುದು ಕಡಿಮೆ. ಹಾಗಾದರೆ ಈ ಹುಳುಗಳಿಗೆ ಆಹಾರ ಎಲ್ಲಿಂದ? ಮರದಿಂದ ಉದುರುವ ಎಲೆಯಿಂದ. ಎಲೆ ನೀರಿಗೆ ಬಿದ್ದೊಡನೆ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅದನ್ನು ಮೆತ್ತಗಾಗಿಸುತ್ತವೆ. ಹುಳುಗಳು ಕತ್ತರಿಸಿ ತಿನ್ನುತ್ತವೆ. ಉಳಿದ ಪುಡಿ ಕೆಳಕ್ಕೆ ತೇಲುತ್ತದೆ. ಕೆಳಗಿನ ಜೀವಿಗಳು ಆ ಪುಡಿಯನ್ನು ಸೋಸಿ ತಿನ್ನುತ್ತವೆ. ನದಿಯನ್ನು ಹೀಗೆ ಮೂಲದಿಂದ ಮುಖದವರೆಗೆ ಒಂದೇ ಸರಪಳಿಯಾಗಿ ನೋಡುವ ವಾದವನ್ನು 1980ರಲ್ಲಿ ರಾಬಿನ್ ವ್ಯಾನೋಟ್ ಮತ್ತು ಸಂಗಡಿಗರು ಮಂಡಿಸಿದರು. ಅದು ರೂಪುಗೊಂಡದ್ದು ಉತ್ತರ ಅಮೆರಿಕದ, ಶರತ್ಕಾಲದಲ್ಲಿ ಎಲೆ ಒಮ್ಮೆಲೇ ಉದುರುವ ನಾಡಿನ ಹೊಳೆಗಳನ್ನು ನೋಡಿ. ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡಿನಲ್ಲಿ ಎಲೆ ವರ್ಷವಿಡೀ ಅಷ್ಟಷ್ಟಾಗಿ, ಬೇಸಿಗೆಯಲ್ಲಿ ತುಸು ಹೆಚ್ಚಾಗಿ ಉದುರುತ್ತದೆ. ಮುಂಗಾರಿನ ಮೊದಲ ಪ್ರವಾಹ ಅದನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಪುಸ್ತಕದ ಸಿದ್ಧಾಂತ ತಮ್ಮೂರಿನ ಹೊಳೆಗೆ ಎಷ್ಟು ಒಪ್ಪುತ್ತದೆ ಎಂದು ವಿದ್ಯಾರ್ಥಿಗಳೇ ಪರೀಕ್ಷಿಸಬಹುದಾದ ಅಪರೂಪದ ಸಂದರ್ಭವಿದು.

ಉಸಿರಿಗಾಗಿ ಮೇಲೆದ್ದ ಬೇರು

ಘಟ್ಟದ ಮೇಲಿನ ಕಣಿವೆಗಳಲ್ಲಿ ವರ್ಷವಿಡೀ ನೀರು ನಿಲ್ಲುವ ಜೌಗು ತಾಣಗಳಿವೆ. ಸ್ಥಳೀಯರು ಇವನ್ನು ಜಡ್ಡಿ ಎನ್ನುತ್ತಾರೆ. ಕಾಡುಜಾಯಿಕಾಯಿಯ ಕುಲಕ್ಕೆ ಸೇರಿದ ಮರಗಳು ಇಲ್ಲಿ ಬೆಳೆಯುವುದರಿಂದ 'ರಾಮಪತ್ರೆ ಜಡ್ಡಿ' ಎಂಬ ಹೆಸರೂ ಉಂಟು. ಸಿದ್ದಾಪುರ ತಾಲ್ಲೂಕಿನಲ್ಲಿ, ಪಕ್ಕದ ಶರಾವತಿ ಕಣಿವೆಗೆ ಸೇರಿದ ಕತ್ತಲೆಕಾನು ಇವುಗಳಲ್ಲಿ ಹೆಸರಾದದ್ದು. ಅಲ್ಲಿನ ಕೆಸರಿನಿಂದ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಮತ್ತೆ ಮಣ್ಣಿಗಿಳಿಯುತ್ತವೆ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕವಿಲ್ಲ. ಬೇರು ಉಸಿರಾಡಬೇಕೆಂದರೆ ಗಾಳಿಗೆ ಬರಲೇಬೇಕು. ಈ ಬೇರಿನ ಚಿತ್ರವನ್ನು ವಿದ್ಯಾರ್ಥಿಗಳು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಸಮುದ್ರದ ದಡದಲ್ಲಿ ಅದು ಮತ್ತೊಮ್ಮೆ ಬೇಕಾಗುತ್ತದೆ.

ಇದೇ ಪ್ರದೇಶದ ತೊರೆಗಳಲ್ಲಿ ಕಂಡು, 2014ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಕಪ್ಪೆಗೆ 'ಕುಂಬಾರ' ಎಂಬ ಕನ್ನಡದ ಹೆಸರೇ ಸೇರಿದೆ. ನೀರಿನ ಮೇಲೆ ಚಾಚಿದ ಕಡ್ಡಿಗೆ ಹೆಣ್ಣು ಮೊಟ್ಟೆಯಿಟ್ಟ ಬಳಿಕ ಗಂಡು ಕಪ್ಪೆ ತೊರೆಯ ತಳದ ಮಣ್ಣನ್ನು ಮುಂಗಾಲುಗಳಲ್ಲಿ ತಂದು ಅದರ ಮೇಲೆ ಮೆತ್ತುತ್ತದೆ. ಆದರೆ ಇದು ಕಾಣುವುದು ಮಳೆಗಾಲದ ರಾತ್ರಿಗಳಲ್ಲಿ. ನಮ್ಮ ಶಾಲಾ-ಕಾಲೇಜುಗಳ ಪ್ರವಾಸಗಳೋ ಡಿಸೆಂಬರ್ ಆಸುಪಾಸಿಗೆ ಕಟ್ಟುಬಿದ್ದಿವೆ. ಒಂದೇ ಹಳ್ಳವನ್ನು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ನೋಡದವರು ಉಷ್ಣವಲಯದ ನದಿಯ ಅರ್ಧವನ್ನಷ್ಟೇ ನೋಡಿದಂತೆ.

ಸಿಂಗಳೀಕಗಳ ಪ್ರಮುಖ ನೆಲೆಯಾದ ಈ ಕಣಿವೆಯ ಸುಮಾರು 300 ಚದರ ಕಿ.ಮೀ. ಕಾಡನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಲಾಯಿತು. ಆದ್ದರಿಂದ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಇನ್ನೊಂದು ಎಚ್ಚರಿಕೆಯನ್ನೂ ಮರೆಯುವಂತಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಸಿದ್ದಾಪುರ ಭಾಗದಲ್ಲಿ ಜೀವಗಳನ್ನೇ ಬಲಿ ಪಡೆದಿದೆ. ಚಳಿಗಾಲದಿಂದ ಮಳೆಗಾಲದ ಆರಂಭದವರೆಗೆ ಅದರ ಕಾಟ ಹೆಚ್ಚು. ಯಾವ ಕಾಡಿಗೆ ಹೋಗಬಾರದು ಎಂದು ಆರೋಗ್ಯ ಇಲಾಖೆಯವರನ್ನು ವಿಚಾರಿಸದೆ ಮಕ್ಕಳನ್ನು ಒಳಗೆ ಕರೆದೊಯ್ಯುವುದು ಹೊಣೆಗೇಡಿತನ. ಉಂಬಳ ಕಚ್ಚಿದರೆ ಅಳುವ ಮಕ್ಕಳು ಉಣುಗನ್ನು ಗಮನಿಸುವುದೇ ಇಲ್ಲ.

ಉಪ್ಪು ಮತ್ತು ಸಿಹಿಯ ಲೆಕ್ಕ

ಘಟ್ಟವಿಳಿದ ನದಿ ಕುಮಟಾ ತಾಲ್ಲೂಕಿನಲ್ಲಿ ಬಯಲಿಗೆ ಬರುತ್ತದೆ. ಉಪ್ಪಿನಪಟ್ಟಣದ ಆಸುಪಾಸಿನಿಂದ ಕೆಳಗೆ ಸಮುದ್ರದ ಉಬ್ಬರವಿಳಿತ ನದಿಯಲ್ಲೇ ಅನುಭವಕ್ಕೆ ಬರುತ್ತದೆ. ಒಂದು ಕಾಲಕ್ಕೆ ಕರಿಮೆಣಸು ಹಡಗೇರುತ್ತಿದ್ದ ಮಿರ್ಜಾನ್ ದಾಟಿದರೆ ಅಳಿವೆ ವಿಶಾಲವಾಗಿ ಹರಡಿಕೊಳ್ಳುತ್ತದೆ. ವಿದ್ಯಾರ್ಥಿಗಳು ಪಟ್ಟಿಮಾಡಿಕೊಂಡು ಬಂದ ಪ್ರಶ್ನೆಗೆ ಉತ್ತರ ಸಿಗಬೇಕಾದ್ದು ಇಲ್ಲಿ.

ಮೊದಲು ಕಣ್ಣಿಗೆ ಬೀಳುವುದು ಕಾಂಡ್ಲಾ ಕಾಡು. ಇದರ ಕೆಲವು ಮರಗಳು ಕೊಂಬೆಯಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟರೆ, ಮತ್ತೆ ಕೆಲವು ಕೆಸರಿನಿಂದ ಪೆನ್ಸಿಲ್ ಗಾತ್ರದ ಸಾವಿರಾರು ಬೇರುಗಳನ್ನು ಮೇಲಕ್ಕೆತ್ತಿ ನಿಂತಿರುತ್ತವೆ. ಟಿಪ್ಪಣಿ ಪುಸ್ತಕದ ಹಳೆಯ ಚಿತ್ರವನ್ನು ಹೊರತೆಗೆಯಬೇಕಾದ ಹೊತ್ತಿದು. ಘಟ್ಟದ ಮೇಲೆ ಸಿಹಿನೀರಿನ ಕೆಸರು, ಇಲ್ಲಿ ಉಪ್ಪುನೀರಿನ ಕೆಸರು. ಸಂಬಂಧವೇ ಇಲ್ಲದ ಎರಡು ಕುಲದ ಮರಗಳು ಉಸಿರಾಟದ ಒಂದೇ ಸಮಸ್ಯೆಗೆ ಒಂದೇ ಬಗೆಯ ಉಪಾಯ ಕಂಡುಕೊಂಡಿವೆ. ವಿಕಾಸವಾದದ ಬಗ್ಗೆ ತರಗತಿಯಲ್ಲಿ ಒಂದು ತಿಂಗಳು ಹೇಳಿದರೂ ಇಷ್ಟು ಸ್ಪಷ್ಟವಾಗುವುದು ಅನುಮಾನ.

ಇಳಿತದ ಹೊತ್ತಿಗೆ ಕೆಸರಿನ ದಿಬ್ಬಗಳು ತೆರೆದುಕೊಳ್ಳುತ್ತವೆ. ಬುಟ್ಟಿ ಹಿಡಿದ ಹೆಂಗಸರು ಸೊಂಟದವರೆಗಿನ ನೀರಿಗಿಳಿದು ಕೈಯಲ್ಲೇ ತಡಕಿ ಬಳಚು ಹೆಕ್ಕುತ್ತಾರೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಇಳಿತ ಹೆಚ್ಚು, ಹೆಕ್ಕುವ ಜಾಗವೂ ಹೆಚ್ಚು ಎಂಬುದು ಅವರಿಗೆ ಪಂಚಾಂಗ ನೋಡದೆಯೇ ಗೊತ್ತು. ಬಳಚು ನೀರನ್ನು ಒಳಗೆಳೆದುಕೊಂಡು ಅದರಲ್ಲಿರುವ ಸೂಕ್ಷ್ಮ ಸಸ್ಯಗಳನ್ನೂ ಕೊಳೆತ ಪುಡಿಯನ್ನೂ ಸೋಸಿ ತಿನ್ನುತ್ತದೆ. ಆ ಪುಡಿಯಲ್ಲಿ ಒಂದಿಷ್ಟು, ಮೊನ್ನೆ ಕಾಡಿನ ಹಳ್ಳದಲ್ಲಿ ಕಂಡಂಥ ಎಲೆಗಳದ್ದೇ. ಸಿಗಡಿಯ ಕಥೆ ಇನ್ನೂ ಕುತೂಹಲಕರ. ಅದು ಮೊಟ್ಟೆಯಿಡುವುದು ಸಮುದ್ರದಲ್ಲಿ. ಮರಿಗಳು ಉಬ್ಬರದೊಡನೆ ಅಳಿವೆಗೆ ಬಂದು, ಇಲ್ಲಿ ಉಂಡು ಬೆಳೆದು, ಮತ್ತೆ ಸಮುದ್ರಕ್ಕೆ ಮರಳುತ್ತವೆ. ಕಡಲಿನಲ್ಲಿ ದೋಣಿಯವರು ಹಿಡಿಯುವ ಸಿಗಡಿಗೆ ನದಿಯ ಋಣವೂ ಇದೆ.

ದಡದ ಗಜನಿ ಗದ್ದೆಗಳಲ್ಲಿ ಇದೇ ಲೆಕ್ಕ ಬೇರೆ ರೂಪದಲ್ಲಿ ಕಾಣುತ್ತದೆ. ಮುಂಗಾರಿನ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ರೈತರು ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ, ರಸಗೊಬ್ಬರ ಕೇಳದ ತಳಿಯಿದು. ಕೊಯ್ಲಾದ ಬಳಿಕ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟರೆ ಮೀನು, ಸಿಗಡಿ ಬೆಳೆಯುತ್ತವೆ; ಉಳಿದ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತದೆ. ತುಸು ದೂರದ ಸಾಣಿಕಟ್ಟಾದಲ್ಲಿ ಬೇಸಿಗೆಯ ಉಪ್ಪುನೀರು ಉಪ್ಪಾಗಿಯೇ ಮಾರಾಟವಾಗುತ್ತದೆ. ಮಳೆಗಾಲಕ್ಕೆ ಸಿಹಿನೀರು, ಬೇಸಿಗೆಗೆ ಉಪ್ಪುನೀರು. ಎರಡರಲ್ಲಿ ಯಾವುದು ತಪ್ಪಿದರೂ ಒಬ್ಬರ ಹೊಟ್ಟೆಪಾಡು ತಪ್ಪುತ್ತದೆ.

ಇದು ಊಹೆಯ ಮಾತಲ್ಲ. ದಕ್ಷಿಣಕ್ಕೆ ಕೆಲವೇ ಕಿ.ಮೀ. ದೂರದ ಶರಾವತಿಯ ಅಳಿವೆಗೆ ಹೋಗಿ ನೋಡಬಹುದು. 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆ ಅಣೆಕಟ್ಟುಗಳು ಬಂದ ಬಳಿಕ ವಿದ್ಯುತ್ ಉತ್ಪಾದಿಸಿದ ನೀರು ಬೇಸಿಗೆಯಲ್ಲೂ ಹೊನ್ನಾವರದತ್ತ ಹರಿಯುತ್ತದೆ. ನೀರು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಎರಡೂ ಅಳಿವೆಗಳನ್ನು ಹೋಲಿಸಿ ಅಧ್ಯಯನ ನಡೆಸಿದ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಗುರುತಿಸಿದ್ದು ಬೇರೆಯೇ. ಬೇಸಿಗೆಯಲ್ಲಿ ಏರಬೇಕಾದ ಉಪ್ಪಿನಂಶ ಶರಾವತಿಯಲ್ಲಿ ಏರದೆ ಉಳಿಯಿತು; ಅದನ್ನೇ ನಂಬಿದ ಚಿಪ್ಪುಜೀವಿಗಳ ಸಂಪತ್ತು ಕುಸಿಯಿತು. ಅಳಿವೆಗೆ ಬೇಕಾದ್ದು ನೀರಿನ ಪ್ರಮಾಣ ಮಾತ್ರವಲ್ಲ, ಅದು ಬರುವ ಮತ್ತು ಬಾರದಿರುವ ಕಾಲ ಕೂಡ.

ಅಘನಾಶಿನಿಯ ಅಳಿವೆಯ 4801 ಹೆಕ್ಟೇರ್ ಪ್ರದೇಶ 2024ರ ಆರಂಭದಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಮೀನುಗಾರಿಕೆ, ಚಿಪ್ಪು ಮತ್ತು ಏಡಿ ಸಂಗ್ರಹ, ಗಜನಿ ಬೇಸಾಯ, ಉಪ್ಪು ತಯಾರಿಕೆಗಳ ಮೂಲಕ 6,000ದಿಂದ 7,500 ಕುಟುಂಬಗಳಿಗೆ ಇದು ಜೀವನಾಧಾರ ಎಂದು ಆಗ ಕೇಂದ್ರ ಸರ್ಕಾರವೇ ತಿಳಿಸಿತ್ತು. ಆದರೆ ಮಾನ್ಯತೆ ಸಿಕ್ಕಿರುವುದು ಅಳಿವೆಗೆ, ಅದನ್ನು ಪೋಷಿಸುವ ಇಡೀ ನದಿಗಲ್ಲ. ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ 2000ದ ದಶಕದಲ್ಲಿ ಬಂದು, ಸ್ಥಳೀಯರ ವಿರೋಧದಿಂದ ಹಿಂದೆ ಸರಿಯಿತು. ಅಘನಾಶಿನಿಯ ನೀರನ್ನು ವೇದಾವತಿಯ ಕಡೆಗೆ ಒಯ್ಯುವ ಪ್ರಸ್ತಾವ ಮುನ್ನೆಲೆಗೆ ಬಂದಾಗಲೆಲ್ಲ ಮುಂದಿಡುವ ಸಮರ್ಥನೆಯೂ ವಿದ್ಯಾರ್ಥಿಗಳ ಆ ಹಳೆಯ ಉತ್ತರವೇ: ಹೇಗೂ ಸಮುದ್ರಕ್ಕೆ ಹೋಗುವ ನೀರು. ಬಯಲುಸೀಮೆಯ ನೀರಿನ ಕೊರತೆ ಸುಳ್ಳಲ್ಲ. ಹಾಗೆಂದು ಬಳಚು ಹೆಕ್ಕುವವರ ಪಾಲನ್ನು ಲೆಕ್ಕದಿಂದಲೇ ಬಿಟ್ಟು ಕೂಡಿ ಕಳೆಯುವುದು ಸರಿಯಾದ ಗಣಿತವಲ್ಲ.

ಪ್ರವಾಸದ ಕೊನೆಯ ಕೆಲಸ ಬಹಳ ಸರಳ. ತದಡಿಯ ದಡದಲ್ಲಿ ಒಂದೇ ಜಾಗದಿಂದ ಇಳಿತದ ಹೊತ್ತಿಗೊಮ್ಮೆ, ಉಬ್ಬರದ ಹೊತ್ತಿಗೊಮ್ಮೆ ನೀರು ತೆಗೆದು ಉಪ್ಪಿನಂಶ ಅಳೆಯಬೇಕು. ಸಮುದ್ರದ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ; ಅಳಿವೆಯ ಅಂಕಿ ಅದರತ್ತ ಏರುತ್ತದೆ, ಮತ್ತೆ ಇಳಿಯುತ್ತದೆ. ಮಧ್ಯೆ ಸುಮಾರು ಆರು ಗಂಟೆ ಕಾಯಬೇಕು. ಮರುದಿನ ಇದೇ ಅಳತೆಯನ್ನು ಪುನರಾವರ್ತಿಸುವುದಾದರೆ ಉಬ್ಬರವಿಳಿತ ಸುಮಾರು 50 ನಿಮಿಷ ತಡವಾಗುತ್ತದೆ ಎಂಬುದನ್ನು ಬಸ್ಸಿನ ಚಾಲಕರಿಗೆ ಹಿಂದಿನ ರಾತ್ರಿಯೇ ತಿಳಿಸಿರಬೇಕು.