ಲಿಕ್ಟನ್‌ಸ್ಟೈನ್: ಹನ್ನೊಂದು ಊರುಗಳು ಕೂಡಿದ ದೇಶ

ಯುರೋಪ್ ಪ್ರವಾಸದ ಬಸ್ಸುಗಳು ಆಸ್ಟ್ರಿಯಾದಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ದಾರಿಯಲ್ಲಿ ವಾಡುಝ್ ಪಟ್ಟಣದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದುಂಟು. ಇಳಿದವರು ಗುಡ್ಡದ ಮೇಲಿನ ಅರಮನೆ ಹಿನ್ನೆಲೆಗೆ ಬರುವಂತೆ ಫೋಟೊ ತೆಗೆಸಿಕೊಳ್ಳುತ್ತಾರೆ. ದುಡ್ಡು ಕೊಟ್ಟು ಪಾಸ್‌ಪೋರ್ಟಿಗೆ ನೆನಪಿನ ಮುದ್ರೆ ಒತ್ತಿಸಿಕೊಂಡು, ನಾಲ್ಕು ಅಂಚೆಚೀಟಿ ಕೊಂಡು ಮತ್ತೆ ಬಸ್ಸು ಹತ್ತುತ್ತಾರೆ. ಅಲ್ಲಿಗೆ ಲಿಕ್ಟನ್‌ಸ್ಟೈನ್ ನೋಡಿ ಮುಗಿಯಿತು. ಆದರೆ ಆ ನಾಡಿನವರು ಬಿಡುವಿನ ದಿನ ತಾವಾಗಿ ಹೋಗುವ ಜಾಗಗಳು ಬೇರೆಯೇ ಇವೆ. ಗುಡ್ಡದ ಆಚೆಯ ಹುಲ್ಲುಗಾವಲು, ಬಂಡೆಯಲ್ಲಿ ಕೊರೆದ ಕಾಲುದಾರಿ, ಮರದ ಹಳೆಯ ಸೇತುವೆ, ಮೇ ಕೊನೆಯಲ್ಲಿ ನೀಲಿ ಹೂ ಅರಳುವ ಜೌಗು ನೆಲ. ಈ ಲೇಖನ ಅಂಥ ಜಾಗಗಳ ಕುರಿತದ್ದು.

ಲಿಕ್ಟನ್‌ಸ್ಟೈನ್‌ನ ವಿಸ್ತೀರ್ಣ 160 ಚದರ ಕಿಲೋಮೀಟರ್, ಉದ್ದ ಸುಮಾರು 25 ಕಿಲೋಮೀಟರ್, ಜನಸಂಖ್ಯೆ 40 ಸಾವಿರದ ಆಸುಪಾಸು. ಪಶ್ಚಿಮಕ್ಕೆ ರೈನ್ ನದಿ, ಅದರ ಆಚೆ ದಡ ಸ್ವಿಟ್ಜರ್ಲೆಂಡ್. ಪೂರ್ವಕ್ಕೆ ಆಲ್ಪ್ಸ್ ಸಾಲು, ಅದರಾಚೆ ಆಸ್ಟ್ರಿಯಾ. ವಿಯೆನ್ನಾದ ಶ್ರೀಮಂತ ಲಿಕ್ಟನ್‌ಸ್ಟೈನ್ ಮನೆತನ 1699ರಲ್ಲಿ ಶೆಲೆನ್‌ಬರ್ಗ್ ಸೀಮೆಯನ್ನೂ 1712ರಲ್ಲಿ ವಾಡುಝ್ ಸೀಮೆಯನ್ನೂ ಕೊಂಡುಕೊಂಡಿತು. ಅಲ್ಲಿ ಬಂದು ನೆಲೆಸುವ ಉದ್ದೇಶ ಅವರಿಗಿರಲಿಲ್ಲ, ಪವಿತ್ರ ರೋಮನ್ ಸಾಮ್ರಾಜ್ಯದ ಸಭೆಯಲ್ಲಿ ಆಸನ ಸಿಗಲು ಚಕ್ರವರ್ತಿಗೆ ನೇರವಾಗಿ ಅಧೀನವಾದ ನೆಲ ಬೇಕಿತ್ತು. 1719ರಲ್ಲಿ ಆರನೆಯ ಚಾರ್ಲ್ಸ್ ಚಕ್ರವರ್ತಿ ಎರಡೂ ಸೀಮೆಗಳನ್ನು ಕೂಡಿಸಿ ಸಂಸ್ಥಾನವೆಂದು ಘೋಷಿಸಿದ. ಪಟ್ಟದಲ್ಲಿದ್ದ ರಾಜನೊಬ್ಬ ಆ ನೆಲಕ್ಕೆ ಮೊದಲ ಬಾರಿ ಕಾಲಿಟ್ಟದ್ದು 1842ರಲ್ಲಿ. ಅರಮನೆಯಲ್ಲಿ ಕಾಯಂ ಆಗಿ ಬಂದು ನೆಲೆಸಿದ ಮೊದಲ ರಾಜ ಎರಡನೆಯ ಫ್ರಾನ್ಝ್ ಯೋಸೆಫ್, ಅದು 1938ರ ಮಾತು.

ರಾಜ ದೂರದಲ್ಲಿದ್ದ ಆ ಕಾಲದುದ್ದಕ್ಕೂ ದಿನದ ಬದುಕನ್ನು ನಡೆಸಿದ್ದು ಊರುಗಳು. ಕಾಡು, ಹುಲ್ಲುಗಾವಲು, ನೀರು ಎಲ್ಲವನ್ನೂ ಊರಿನವರು ಕೂಡಿ ನೋಡಿಕೊಂಡರು. ಇಂದಿಗೂ ದೇಶದ ಭೂಪಟದಲ್ಲಿ ಹಲವು ಊರುಗಳ ಗಡಿ ತುಂಡುತುಂಡಾಗಿ ಕಾಣುತ್ತದೆ. ಕಣಿವೆಯಲ್ಲಿರುವ ಊರಿಗೆ ಬೆಟ್ಟದ ಹಿಂದೆ ಪ್ರತ್ಯೇಕ ಮೇವಿನ ನೆಲ ಸೇರಿರುವುದೇ ಇದಕ್ಕೆ ಕಾರಣ. 2003ರ ಸಂವಿಧಾನ ತಿದ್ದುಪಡಿ ಪ್ರತಿ ಊರಿಗೂ ದೇಶದಿಂದ ಹೊರನಡೆಯುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕನ್ನು ಯಾವ ಊರೂ ಬಳಸಿಲ್ಲ. ಲಿಕ್ಟನ್‌ಸ್ಟೈನ್ ಎಂದರೆ ಒಟ್ಟಿಗಿರಲು ಒಪ್ಪಿಕೊಂಡ ಹನ್ನೊಂದು ಊರುಗಳು. ಹೀಗಾಗಿ ಅದನ್ನು ಊರೂರಾಗಿಯೇ ನೋಡಬೇಕು ಎನ್ನುವುದು ನನ್ನ ವಾದ.

75 ಕಿಲೋಮೀಟರಿನ ದಾರಿ

ಹಾಗೆ ನೋಡಲು ಒಂದು ದಾರಿಯೂ ಇದೆ. ಸಂಸ್ಥಾನಕ್ಕೆ 300 ವರ್ಷ ತುಂಬಿದ 2019ರಲ್ಲಿ ಆ ನಾಡಿನವರು ‘ಲಿಕ್ಟನ್‌ಸ್ಟೈನ್ ವೇಗ್’ ಎಂಬ ಕಾಲುದಾರಿಯನ್ನು ತೆರೆದರು. 75 ಕಿಲೋಮೀಟರ್ ಉದ್ದದ ಈ ದಾರಿ ಹನ್ನೊಂದು ಊರುಗಳನ್ನೂ ಹಾಯುತ್ತದೆ. ವಾರ್ಷಿಕೋತ್ಸವಕ್ಕೆ ಸ್ಮಾರಕ ನಿಲ್ಲಿಸುವುದು ಎಲ್ಲ ದೇಶಗಳ ರೂಢಿ. ಇವರು ಊರಿಂದೂರಿಗೆ ನಡೆದು ಹೋಗುವ ದಾರಿ ಮಾಡಿದ್ದು ನನಗೆ ತುಂಬ ಇಷ್ಟವಾದ ಸಂಗತಿ. ಪೂರ್ತಿ ನಡೆಯಲು ಕೆಲವು ದಿನ ಬೇಕು. ಅಷ್ಟು ಬಿಡುವಿಲ್ಲದವರು ಒಂದೆರಡು ತುಂಡುಗಳನ್ನು ನಡೆದು, ಉಳಿದ ಕಡೆ ಹಸಿರು ಬಣ್ಣದ ಸರ್ಕಾರಿ ಬಸ್ಸು ಹಿಡಿಯಬಹುದು.

ದಕ್ಷಿಣದಲ್ಲಿ ಬಾಲ್ಝರ್ಸ್ ಊರಿನ ನಡುವೆ, ಬಯಲಿನಿಂದ 70 ಮೀಟರ್ ಮೇಲೆದ್ದ ಬಂಡೆಗುಡ್ಡದ ಮೇಲೆ ಗುಟೆನ್‌ಬರ್ಗ್ ಕೋಟೆಯಿದೆ. ವಾಡುಝ್ ಅರಮನೆಯಲ್ಲಿ ರಾಜಕುಟುಂಬ ವಾಸಿಸುವುದರಿಂದ ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಗುಟೆನ್‌ಬರ್ಗ್ ಮಾತ್ರ ಈಗ ದೇಶದ ಸೊತ್ತು. ಪಾಳುಬಿದ್ದಿದ್ದ ಇದನ್ನು 20ನೇ ಶತಮಾನದ ಆರಂಭದಲ್ಲಿ ಕೊಂಡು ಮತ್ತೆ ಕಟ್ಟಿದವರು ವಾಡುಝ್‌ನ ಶಿಲ್ಪಿ ಎಗೊನ್ ರೈನ್‌ಬರ್ಗರ್. ಗುಡ್ಡದಲ್ಲಿ ನವಶಿಲಾಯುಗದ ಕಾಲದಿಂದಲೂ ಜನ ಓಡಾಡಿದ ಕುರುಹುಗಳಿವೆ. ಇಲ್ಲಿ ಸಿಕ್ಕ ಪುಟ್ಟ ಕಂಚಿನ ವಿಗ್ರಹಗಳು ಈಗ ವಾಡುಝ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ದಕ್ಷಿಣದಿಂದ ಆಲ್ಪ್ಸ್ ದಾಟಿ ಬೀಸುವ ಫ್ಯೋನ್ ಎಂಬ ಬಿಸಿಗಾಳಿ ಈ ಕಣಿವೆಯ ದ್ರಾಕ್ಷಿಯನ್ನೂ ಮುಸುಕಿನ ಜೋಳವನ್ನೂ ಮಾಗಿಸುತ್ತದೆ. ಆ ಜೋಳದ ರವೆಯನ್ನು ಹಾಲು, ನೀರಿನಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದು ಉದುರುದುರಾಗಿ ಮಾಡುವ ತಿಂಡಿಗೆ ರಿಬೆಲ್ ಎಂದು ಹೆಸರು. ಒಗ್ಗರಣೆ ಇಲ್ಲದ ನಮ್ಮ ಉಪ್ಪಿಟ್ಟಿನಂತಿರುವ ಇದನ್ನು ಸೇಬಿನ ಗೊಜ್ಜಿನೊಂದಿಗೆ ತಿನ್ನುತ್ತಾರೆ. ಒಂದು ಕಾಲದಲ್ಲಿ ಬಡವರ ಹೊಟ್ಟೆ ತುಂಬಿಸಿದ್ದು ಇದೇ ತಿಂಡಿ.

ಬೆಟ್ಟದ ಮೇಲೆ, ಬೆಟ್ಟದ ಹಿಂದೆ

ಬಯಲಿನಿಂದ ಮೇಲೇರಿದರೆ ಟ್ರೀಸೆನ್‌ಬರ್ಗ್. ಸುಮಾರು 1300ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ವಾಲಿಸ್ ಪ್ರಾಂತ್ಯದಿಂದ ವಲಸೆ ಬಂದ ವಾಲ್ಸರ್ ಜನ ಇಲ್ಲಿ ನೆಲೆಸಿದರು. ಕೆಳಗಿನ ಫಲವತ್ತಾದ ನೆಲವೆಲ್ಲ ಆಗಲೇ ಬೇರೆಯವರ ಪಾಲಾಗಿತ್ತು. ಇವರು ಕಡಿದಾದ ಇಳಿಜಾರಿನಲ್ಲಿ ಕಾಡು ಕಡಿದು, ಅಲ್ಲೊಂದು ಇಲ್ಲೊಂದು ಮರದ ಮನೆ ಕಟ್ಟಿ ದನ ಸಾಕಿದರು. ಏಳು ಶತಮಾನ ಕಳೆದರೂ ಕಣಿವೆಯ ಜರ್ಮನ್‌ಗಿಂತ ಭಿನ್ನವಾದ ಅವರ ಆಡುಮಾತು ಈ ಊರಿನಲ್ಲಿ ಉಳಿದಿದೆ. ಈರುಳ್ಳಿ ಆಕಾರದ ಗೋಪುರವಿರುವ ಚರ್ಚು, ಅದರ ಹತ್ತಿರದಲ್ಲೇ ವಾಲ್ಸರ್ ಜನರ ಬದುಕನ್ನು ತೋರಿಸುವ ವಸ್ತುಸಂಗ್ರಹಾಲಯ ಎರಡನ್ನೂ ತಪ್ಪಿಸಿಕೊಳ್ಳಬಾರದು.

ಟ್ರೀಸೆನ್‌ಬರ್ಗ್‌ನ ಮೇಲೆ 1947ರಲ್ಲಿ ತೆರೆದ ಸುರಂಗವೊಂದಿದೆ. ಅದನ್ನು ದಾಟಿದೊಡನೆ ರೈನ್ ಕಣಿವೆ ಮರೆಯಾಗಿ ಬೇರೆಯೇ ಸೀಮೆ ತೆರೆದುಕೊಳ್ಳುತ್ತದೆ. ಮೊದಲು ಸಿಗುವುದು ಸ್ಟೆಗ್. ಇಲ್ಲಿನ ಹಳೆಯ ಗುಡಿಸಲುಗಳು ಸಾಮೂಹಿಕ ಹುಲ್ಲುಗಾವಲಿನ ಸುತ್ತ ಬೇಲಿಯ ಹಾಗೆ ಸಾಲಾಗಿ ನಿಂತಿವೆ. ಒಡೆತನ ಹಲವರದು, ಕಾವಲು ಎಲ್ಲರದು ಎಂಬ ಏರ್ಪಾಟು ಕಟ್ಟಡಗಳ ಜೋಡಣೆಯಲ್ಲೇ ಎದ್ದು ಕಾಣುತ್ತದೆ. ಬೇಸಿಗೆಯಿಡೀ ಇಂಥ ಗಾವಲುಗಳಲ್ಲಿ ಮೇಯುವ ದನಗಳು ಸೆಪ್ಟೆಂಬರಿನಲ್ಲಿ ಸಿಂಗಾರಗೊಂಡು ಊರಿಗಿಳಿಯುತ್ತವೆ. ಚೆನ್ನಾಗಿ ಹಾಲು ಕೊಟ್ಟ ಹಸುಗಳಿಗೆ ಬಣ್ಣ ಬಳಿದ ಮರದ ಹೃದಯ ಕಟ್ಟುವುದು ಈ ನಾಡಿನದೇ ಪದ್ಧತಿ. ಆಮೇಲೆ ಅದನ್ನು ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ಹಾಕುತ್ತಾರೆ. ವರ್ಷವರ್ಷದ ಹೃದಯಗಳನ್ನು ಸಾಲಾಗಿ ತೂಗುಹಾಕಿದ ಕೊಟ್ಟಿಗೆ ಆ ಮನೆಯ ಹೆಮ್ಮೆ.

ರಸ್ತೆ ಮುಗಿಯುವುದು 1,600 ಮೀಟರ್ ಎತ್ತರದ ಮಾಲ್ಬುನ್‌ನಲ್ಲಿ. ದೇಶದ ಏಕೈಕ ಸ್ಕೀ ತಾಣವಿದು. ಒಲಿಂಪಿಕ್ಸ್‌ನಲ್ಲಿ ಲಿಕ್ಟನ್‌ಸ್ಟೈನ್ ಗೆದ್ದಿರುವ 10 ಪದಕಗಳೂ ಆಲ್ಪೈನ್ ಸ್ಕೀಯಿಂಗ್‌ನಲ್ಲೇ ಬಂದಿವೆ. ಅವುಗಳಲ್ಲಿ ಏಳು ಒಂದೇ ಕುಟುಂಬದ್ದು. 1980ರ ಲೇಕ್ ಪ್ಲ್ಯಾಸಿಡ್ ಕೂಟದಲ್ಲಿ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದ ಹಾನಿ ವೆನ್ಝೆಲ್, ಅವರ ತಮ್ಮ ಆಂಡ್ರಿಯಾಸ್, ಮಗಳು ಟೀನಾ ವೈರಾಥರ್ ಮೂವರೂ ಸೇರಿ ತಂದ ಪದಕಗಳವು.

ಎದೆಗಾರಿಕೆ ಇರುವವರಿಗೆ ‘ಫ್ಯುರ್ಸ್ಟೆನ್‌ಸ್ಟೈಗ್’ ಇದೆ. ಗಾಫ್ಲೈ ಎಂಬಲ್ಲಿಂದ ಹೊರಟು, ಬಂಡೆಯ ಗೋಡೆಗಂಟಿ ಸಾಗುವ ಈ ದಾರಿಯನ್ನು ಮಾಡಿದ್ದು 1898ರಲ್ಲಿ. ಅಪಾಯದ ಕಡೆಗಳಲ್ಲಿ ಹಿಡಿಯಲು ಉಕ್ಕಿನ ಹಗ್ಗಗಳಿವೆ. ಎತ್ತರವೆಂದರೆ ತಲೆ ತಿರುಗುವವರಿಗೆ ಇದು ಬೇಡ. ಇದೇ ದಾರಿ ಮುಂದೆ ‘ಮೂವರು ಅಕ್ಕತಂಗಿಯರು’ ಎಂಬ ಶಿಖರಗಳ ಕಡೆಗೆ ಒಯ್ಯುತ್ತದೆ. ಆ ಹೆಸರಿಗೊಂದು ಕತೆಯಿದೆ: ಮೇರಿ ಮಾತೆಯ ಹಬ್ಬದ ದಿನ ಮೂವರು ಸೋದರಿಯರು ಕಾಡುಹಣ್ಣು ಆರಿಸಲು ಹೋದರಂತೆ. ಮಾತೆಯೇ ಬಂದು ಹಣ್ಣು ಕೇಳಿದಾಗ ಕೊಡದೆ ಕಲ್ಲಾದರಂತೆ.

ಸೇತುವೆಯಿಂದ ಜೌಗು ನೆಲದವರೆಗೆ

ವಾಡುಝ್‌ಗೆ ಬಂದವರು ಮುಖ್ಯ ಬೀದಿಯಲ್ಲಿ ಕಪ್ಪಗೆ ಹೊಳೆಯುವ ಕಲಾ ಸಂಗ್ರಹಾಲಯವನ್ನು ನೋಡಲಿ. 2000ದಲ್ಲಿ ತೆರೆದ ಆ ಕಟ್ಟಡದ ಕಾಂಕ್ರೀಟಿನಲ್ಲಿ ಕಪ್ಪುಶಿಲೆಯ ಜೊತೆ ನದಿಯ ಬೆಣಚುಗಳನ್ನೂ ಬೆರೆಸಿ ನುಣುಪು ಮಾಡಿದ್ದಾರೆ. ಅನತಿ ದೂರದಲ್ಲಿ ಹಳದಿ ಇಟ್ಟಿಗೆಯ ಸಂಸತ್ ಭವನ. ಸದಸ್ಯರು 25: ಮೇಲುಸೀಮೆಯ (ಹಳೆಯ ವಾಡುಝ್ ಸೀಮೆ) ಆರು ಊರುಗಳಿಂದ 15, ಕೆಳಸೀಮೆಯ (ಹಳೆಯ ಶೆಲೆನ್‌ಬರ್ಗ್ ಸೀಮೆ) ಐದು ಊರುಗಳಿಂದ 10. ಕೊಂಡ ಕಾಲದ ಎರಡು ಸೀಮೆಗಳ ಗುರುತು ಹೀಗೆ ಇನ್ನೂ ಉಳಿದಿದೆ. ಹೆಣ್ಣುಮಕ್ಕಳಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಸಿಕ್ಕಿದ್ದು 1984ರಲ್ಲಿ, ಅದೂ ಗಂಡಸರಷ್ಟೇ ಮತ ಹಾಕಿದ ಜನಾಭಿಪ್ರಾಯದಲ್ಲಿ. ಈ ನಾಡನ್ನು ಮೆಚ್ಚುವವರು ಇದನ್ನೂ ತಿಳಿದಿರಬೇಕು.

ಪೇಟೆಯಿಂದ ಪಶ್ಚಿಮಕ್ಕೆ ನಡೆದರೆ ರೈನ್ ನದಿಯ ಮೇಲೆ 135 ಮೀಟರ್ ಉದ್ದದ, ಸೂರು ಹೊದಿಸಿದ ಮರದ ಸೇತುವೆ. 1901ರ ಈ ಸೇತುವೆ ಆಲ್ಪೈನ್ ರೈನ್ ಮೇಲೆ ಉಳಿದಿರುವ ಕೊನೆಯ ಮರದ ಸೇತುವೆ. ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲು. ಎರಡು ದೇಶಗಳ ಗಡಿ ಅದರ ನಡುವೆಯೇ ಹಾದುಹೋಗುತ್ತದೆ, ಕಾವಲುಗಾರರಿಲ್ಲ. 1923ರ ಸುಂಕ ಒಪ್ಪಂದದಿಂದ ಸ್ವಿಟ್ಜರ್ಲೆಂಡಿನ ಕಡೆಯ ಗಡಿ ತೆರೆದೇ ಇದೆ.

ಇದೇ ನದಿ 1927ರ ಸೆಪ್ಟೆಂಬರಿನಲ್ಲಿ ಶಾನ್ ಊರಿನ ಬಳಿ ಒಡ್ಡು ಒಡೆದು ಕೆಳಸೀಮೆಯನ್ನು ಮುಳುಗಿಸಿತ್ತು. ಆ ಕೆಳಸೀಮೆಗೆ ಹೋಗುವ ಪ್ರವಾಸಿಗರು ತೀರ ಕಡಿಮೆ. ಆದರೆ ದೇಶ ಮೊದಲಾದದ್ದೇ ಅಲ್ಲಿ. ಬೆಂಡರ್ನ್‌ನ ಚರ್ಚು ಗುಡ್ಡದ ಮೇಲೆ 1699ರ ಮಾರ್ಚ್ 16ರಂದು ಕೆಳಸೀಮೆಯ ಗಂಡಸರು ಹೊಸ ಒಡೆಯರಿಗೆ ನಿಷ್ಠೆಯ ಪ್ರಮಾಣ ಮಾಡಿದ್ದರು. ಉತ್ತರದ ಹಿಂಟರ್‌ಶೆಲೆನ್‌ಬರ್ಗ್‌ನಲ್ಲಿ ಒಂದು ಸ್ಮಾರಕ ಶಿಲೆಯಿದೆ. 1945ರ ಮೇ ತಿಂಗಳ ಮೊದಲ ವಾರ, ಜರ್ಮನ್ ಸೇನೆಯ ಪರವಾಗಿ ಹೋರಾಡಿದ್ದ ಸುಮಾರು 500 ರಷ್ಯನ್ನರು ಗಡಿ ದಾಟಿ ಇಲ್ಲಿ ಆಶ್ರಯ ಬೇಡಿದರು. ಅವರನ್ನು ಬಲವಂತವಾಗಿ ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಲು ಲಿಕ್ಟನ್‌ಸ್ಟೈನ್ ನಿರಾಕರಿಸಿತು. 1868ರಲ್ಲೇ ಸೈನ್ಯ ವಿಸರ್ಜಿಸಿದ್ದ, ಬೆರಳೆಣಿಕೆಯ ಪೊಲೀಸರಿದ್ದ ದೇಶ ಅದು. ಕೆಲವರು ತಾವಾಗಿ ಮರಳಿದರು, ಹಲವರು ಕೊನೆಗೆ ಅರ್ಜೆಂಟೀನಾ ಸೇರಿದರು. ಅವರು ಯಾರ ಪರ ಹೋರಾಡಿದ್ದರು ಎಂಬ ಪ್ರಶ್ನೆಯನ್ನು ಮರೆಯಬೇಕಿಲ್ಲ. ಆದರೂ ದೊಡ್ಡ ದೇಶಗಳೇ ಮಣಿದ ಒತ್ತಡದ ಮುಂದೆ ಈ ಪುಟ್ಟ ದೇಶ ನಿಂತದ್ದು ದೊಡ್ಡ ಮಾತು.

ರುಗೆಲ್ ಊರಿನ ಜೌಗು ನೆಲ ದೇಶದ ಅತಿ ತಗ್ಗಿನ ಜಾಗ. 430 ಮೀಟರ್ ಎತ್ತರದ ಇಲ್ಲಿಂದ 2,599 ಮೀಟರಿನ ಗ್ರೌಸ್ಪಿಟ್ಝ್ ಶಿಖರದವರೆಗಿನ ಏರಿಳಿತವೆಲ್ಲ ಈ ಇಷ್ಟಗಲದ ದೇಶದೊಳಗೇ ಇದೆ. ಸಂರಕ್ಷಿತ ಪ್ರದೇಶವಾದ ಈ ಜೌಗಿನಲ್ಲಿ ಮೇ ಕೊನೆಗೆ ಸೈಬೀರಿಯನ್ ಐರಿಸ್ ಹೂಗಳು ಅರಳುತ್ತವೆ.

ಹೋಗುವವರಿಗೆ

ದೇಶದಲ್ಲಿ ವಿಮಾನ ನಿಲ್ದಾಣವಿಲ್ಲ. ಝ್ಯೂರಿಕ್‌ನಿಂದ ರೈಲಿನಲ್ಲಿ ಸಾರ್ಗನ್ಸ್ ಅಥವಾ ಬುಖ್ಸ್‌ಗೆ ಬಂದು ಬಸ್ಸು ಹಿಡಿಯಬೇಕು. ಷೆಂಗೆನ್ ವೀಸಾ ಸಾಕು, ಹಣ ಸ್ವಿಸ್ ಫ್ರಾಂಕ್. ಹೂವಿಗೆ ಮೇ, ಬೆಟ್ಟದ ನಡಿಗೆಗೆ ಜುಲೈನಿಂದ ಸೆಪ್ಟೆಂಬರ್, ಹಿಮಕ್ಕೆ ಜನವರಿ ಒಳ್ಳೆಯ ಕಾಲ. ಆಗಸ್ಟ್ 15 ರಾಷ್ಟ್ರೀಯ ದಿನ. ಅಂದು ಅರಮನೆಯ ಪಕ್ಕದ ಹುಲ್ಲುಗಾವಲಿನಲ್ಲಿ ರಾಜಕುಟುಂಬವೂ ಜನರೂ ಒಂದೆಡೆ ಸೇರುತ್ತಾರೆ, ರಾತ್ರಿ ಪಟಾಕಿ ಪ್ರದರ್ಶನವಿರುತ್ತದೆ. ಯಾವ ಕಾಲದಲ್ಲಿ ಹೋದರೂ ಕನಿಷ್ಠ ಎರಡು ರಾತ್ರಿ ಅಲ್ಲಿ ತಂಗಿ. ಒಂದು ದಿನ ಬೆಟ್ಟದ ಹಿಂದಿನ ಸೀಮೆಗೆ, ಒಂದು ದಿನ ಕೆಳಸೀಮೆಗೆ ಇಡಿ. ವಾಡುಝ್‌ಗೆ ಒಂದು ಸಂಜೆ ಸಾಕು.